ಕೈಮೀರಿದ ಸಾಲ: ಪಾಪರ್ ಆಗುವ ಮುಂಚೆ ಏನೇನು ಮಾಡಬಹುದು

ನನ್ನ ಸೋದರಮಾವನ ಮಗನಿಗೆ ತುಮಕೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇದೆ. ವಾಟ್ಸಾಪ್ ಬಂದ ಮೇಲೆ 500 ಪತ್ರಿಕೆ ಮಾಡಿಸುತ್ತಿದ್ದವರು 100ಕ್ಕೆ ಇಳಿದರು. ಅವನ ಸಾಲ ಮಾತ್ರ ಇಳಿಯಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಫೋನ್ ಮಾಡಿದ. "ಭಾವ, ಪಾಪರ್ ಚೀಟಿ ತಗೊಂಡುಬಿಡ್ತೀನಿ. ಎಲ್ಲಿ ಕೊಡ್ತಾರೆ ಅದನ್ನ?" ಕೋರ್ಟ್ ಮಾಡುವ ದಿವಾಳಿ ಘೋಷಣೆಯನ್ನು ರೇಷನ್ ಕಾರ್ಡ್ ಕೇಳುವ ಹಾಗೆ ಕೇಳಿದ.

ನಾನು ವಕೀಲನಲ್ಲ. ಅವನ ಜೊತೆ ಒಂದೂವರೆ ವರ್ಷ ಬ್ಯಾಂಕ್, ಕೋರ್ಟ್ ಕಚೇರಿ ಅಂತ ಅಲೆದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕೇಸಿಗೆ ಯಾವುದು ಹೊಂದುತ್ತದೆ ಎಂದು ಕೊನೆಗೆ ವಕೀಲರೇ ಹೇಳಬೇಕು. ಆ ವಕೀಲರು ದುಡ್ಡಿಲ್ಲದೆಯೂ ಸಿಗುತ್ತಾರೆ. ಎಲ್ಲಿ ಅಂತ ಮುಂದೆ ಹೇಳುತ್ತೇನೆ.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು" ಎನ್ನುವ ನೆಂಟರನ್ನು ಸದ್ಯಕ್ಕೆ ದೂರ ಇಡಿ. ಆ ಮಾತಿನಿಂದ ಒಂದು ಕಂತೂ ತೀರುವುದಿಲ್ಲ.

ಮೊದಲ ಕೆಲಸ: ಒಂದು ಸಾಲಕ್ಕೆ ಒಂದು ಚೀಟಿ

ಅಂಗಡಿಯಲ್ಲಿ ಅಚ್ಚು ಕೆಟ್ಟ ಲಗ್ನಪತ್ರಿಕೆಗಳ ಕಟ್ಟು ಬಿದ್ದಿತ್ತು. ಮುಂದೆ ಗಣಪತಿ, ಹಿಂದೆ ಖಾಲಿ. ಒಂದೊಂದು ಸಾಲವನ್ನು ಒಂದೊಂದು ಪತ್ರಿಕೆಯ ಹಿಂದೆ ಬರೆಸಿದೆ. ಯಾರಿಗೆ ಕೊಡಬೇಕು, ಅಸಲು ಎಷ್ಟು ಉಳಿದಿದೆ, ಬಡ್ಡಿ ಎಷ್ಟು, ತಿಂಗಳಿಗೆ ಎಷ್ಟು ಕಟ್ಟಬೇಕು, ಎಷ್ಟು ಕಂತು ತಪ್ಪಿದೆ, ಏನು ಅಡ ಇಟ್ಟಿದೆ, ಎಲ್ಲೆಲ್ಲಿ ಸಹಿ ಹಾಕಿದ್ದೀಯ. ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಅವನಿಗೆ ಜಾಸ್ತಿ ಹೊತ್ತು ಬೇಕಾಯಿತು.

ಚಾಪೆಯ ಮೇಲೆ ಏಳು ಪತ್ರಿಕೆ ಹರಡಿದೆವು. ತಿಂಗಳ ಲೆಕ್ಕ ಹೀಗಿತ್ತು: ಮನೆ ಸಾಲದ ಕಂತು 14,200, ಪರ್ಸನಲ್ ಲೋನ್ 9,800, ಕ್ರೆಡಿಟ್ ಕಾರ್ಡ್‌ಗೆ ಕನಿಷ್ಠ 6,500, ಎರಡು ಆಪ್ ಸಾಲಕ್ಕೆ ಸೇರಿ 11,000, ಮೂರು ರೂಪಾಯಿ ಬಡ್ಡಿಯ 2 ಲಕ್ಷ ಕೈಸಾಲಕ್ಕೆ ಬಡ್ಡಿಯೇ 6,000, ಹೆಂಡತಿಯ ಸಂಘದ ಸಾಲ ವಾರಕ್ಕೆ 1,150ರಂತೆ 4,600. ಒಟ್ಟು 52,100 ರೂಪಾಯಿ. ಮನೆಗೆ ಬರುತ್ತಿದ್ದದ್ದು 46,000. ಊಟ, ಸ್ಕೂಲು, ಕರೆಂಟು, ಅಮ್ಮನ ಮಾತ್ರೆಗೆ 21,000 ತೆಗೆದರೆ ಸಾಲಕ್ಕೆ ಉಳಿಯುವುದು 25,000.

ಪ್ರತಿ ತಿಂಗಳು 27,100 ರೂಪಾಯಿ ತೂತು. ಅದನ್ನು ಅವನು ಹೊಸ ಆಪ್ ಸಾಲದಿಂದ ಮುಚ್ಚುತ್ತಿದ್ದ.

ನಿಮ್ಮ ಲೆಕ್ಕದಲ್ಲೂ ಇಂಥ ತೂತು ಕಂಡರೆ ಇನ್ನಷ್ಟು ಬಿಗಿಯಾಗಿ ಖರ್ಚು ಮಾಡಿ ದಾಟುವ ಹಂತ ಮುಗಿದಿದೆ ಎಂದೇ ಅರ್ಥ. ಮನೆಖರ್ಚು ಮೊದಲು ತೆಗೆಯಿರಿ, ಉಳಿದದ್ದರಲ್ಲಿ ಸಾಲ. ನಾವೆಲ್ಲ ಇದನ್ನು ಉಲ್ಟಾ ಮಾಡುತ್ತೇವೆ.

ಪಟ್ಟಿ ಮುಗಿಯಿತು ಅಂದುಕೊಳ್ಳುವಾಗ ಅವನು ತಲೆ ತಗ್ಗಿಸಿ ಇನ್ನೊಂದು ಪತ್ರಿಕೆ ಕೇಳಿದ. ಗೆಳೆಯನ ಗಾಡಿ ಸಾಲಕ್ಕೆ ಜಾಮೀನು ಹಾಕಿದ್ದನಂತೆ. ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಪೂರ್ತಿ. ಬ್ಯಾಂಕ್ ನೇರವಾಗಿ ಜಾಮೀನುದಾರನ ಬಾಗಿಲಿಗೇ ಬರಬಹುದು. ಅದೂ ಚಾಪೆಯ ಮೇಲೆ ಬಂತು.

ಬೊಗಳುವ ಸಾಲ, ಕಚ್ಚುವ ಸಾಲ

ಯಾರು ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾರೋ ಅವರಿಗೆ ಮೊದಲು ಕಟ್ಟುವುದು ಎಲ್ಲರೂ ಮಾಡುವ ತಪ್ಪು. ನಮ್ಮವನು ಆಪ್‌ಗಳಿಗೆ ಕಟ್ಟಿ ಮನೆ ಸಾಲದ ಎರಡು ಕಂತು ಬಿಟ್ಟಿದ್ದ. ಚೀಟಿಗಳನ್ನು ಗಲಾಟೆಯ ಲೆಕ್ಕದಲ್ಲಿ ಜೋಡಿಸಿದ್ದವನಿಗೆ, ಯಾರು ಏನು ಕಿತ್ತುಕೊಳ್ಳಬಹುದು ಎಂಬ ಲೆಕ್ಕದಲ್ಲಿ ಮತ್ತೆ ಜೋಡಿಸು ಎಂದೆ. ಸಾಲು ಪೂರ್ತಿ ತಿರುಗಿತು.

ಮನೆ ಸಾಲ ಮೇಲೆ ಬಂತು. ಕಂತು 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕ್ ಕೋರ್ಟಿಗೆ ದಾವೆ ಹಾಕದೆಯೇ 60 ದಿನದ ನೋಟಿಸ್ ಕೊಟ್ಟು ಮನೆಯ ಸ್ವಾಧೀನಕ್ಕೆ ಮುಂದಾಗಬಹುದು. ಆ ನೋಟಿಸ್ ಬಂದರೆ ಸುಮ್ನೆ ಇಡಬೇಡಿ. ಲಿಖಿತ ಆಕ್ಷೇಪ ಕೊಟ್ಟರೆ ಬ್ಯಾಂಕ್ 15 ದಿನದೊಳಗೆ ಉತ್ತರ ಕೊಡಬೇಕು. ಸ್ವಾಧೀನದ ಕ್ರಮ ಶುರುವಾದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬಹುದು. ಅದು ಬೆಂಗಳೂರಿನಲ್ಲಿದೆ. ಕೃಷಿ ಜಮೀನಿಗೆ ಈ ಕಾಯ್ದೆ ತಾಗುವುದಿಲ್ಲ.

ಎರಡನೆಯದು ಕೈಸಾಲ. ಅದನ್ನು ಕೊಟ್ಟಾತ ಒಂದು ದಿನವೂ ಜೋರು ಮಾತಾಡಿದವನಲ್ಲ. ಆದರೆ ಅವನ ಬೀರುವಿನಲ್ಲಿ ನಮ್ಮವನು ಸಹಿ ಹಾಕಿದ ಎರಡು ಖಾಲಿ ಚೆಕ್ ಇದ್ದವು. ಸಾಲ ತೀರಿಸದಿರುವುದು ಬರೀ ಸಿವಿಲ್ ವ್ಯಾಜ್ಯ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು. 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು. ಖಾಲಿ ಚೆಕ್ ಕೊಟ್ಟಿದ್ದೆ ಎಂದರೂ ಸಹಿ ನಿಮ್ಮದಾದರೆ ಕೋರ್ಟ್ ಅದನ್ನು ಸಾಲಕ್ಕೆ ಕೊಟ್ಟದ್ದು ಎಂದೇ ಹಿಡಿದು ಶುರುಮಾಡುತ್ತದೆ. ಅಲ್ಲ ಎಂದು ತೋರಿಸುವ ಹೊರೆ ನಿಮ್ಮದು. ಬೌನ್ಸ್ ನೋಟಿಸ್ ಕೈಗೆ ಬಂದ ಮೇಲೆ ದುಡ್ಡು ಕಟ್ಟಲು 15 ದಿನ ಇರುತ್ತದೆ. ಆ 15 ದಿನ ವಕೀಲರನ್ನು ನೋಡುವ ದಿನಗಳು. ಖಾತೆಯಿಂದ ತಾನಾಗಿ ಕಂತು ಕಡಿತವಾಗುವ ಇಸಿಎಸ್, ನ್ಯಾಚ್ ಬೌನ್ಸ್ ಆದರೂ ಇಂಥದೇ ಕೇಸು ಹಾಕಲು ಕಾನೂನಿನಲ್ಲಿ ಜಾಗ ಇದೆ.

ಸಂಘದ ಸಾಲಕ್ಕೆ ಅಡಮಾನ ಇಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಕೆಳಗೆ ಹೋಗಬೇಕು. ಅವನ ಹೆಂಡತಿ ಒಪ್ಪಲಿಲ್ಲ. "ನಾನು ಕಟ್ಟದೆ ಇದ್ದರೆ ಪಕ್ಕದ ಮನೆ ಅಕ್ಕನ ತಲೆಗೆ ಬರುತ್ತೆ ಅಣ್ಣ" ಎಂದರು. ಸರಿಯೇ. ಅದನ್ನು ಮೂರನೆಯದಾಗಿ ಇಟ್ಟೆವು. ಕಾನೂನಿನ ಪುಸ್ತಕ ಹಿಡಿದು ಎಲ್ಲವನ್ನೂ ಜೋಡಿಸಲು ಆಗುವುದಿಲ್ಲ, ನಾಳೆಯೂ ಅದೇ ಬೀದಿಯಲ್ಲಿ ಬಾಳಬೇಕಲ್ವಾ.

ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್, ಆಪ್ ಇವು ಕೆಳಗೆ. ಇವರು ಕೋರ್ಟಿಗೆ ಹೋಗಿ ಡಿಕ್ರಿ, ಅಂದರೆ ಸಾಲ ಕಟ್ಟಬೇಕೆಂಬ ತೀರ್ಪು, ತರಬಹುದು, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ಡಿಕ್ರಿ ತಂದರೂ ಎಲ್ಲವನ್ನೂ ಜಪ್ತಿ ಮಾಡಲು ಬರುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆ, ರೈತರ ಉಳುಮೆ ಸಾಮಾನು, ಪಿಎಫ್ ಇವನ್ನು ಕಾಯುತ್ತದೆ. ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ನಿಮ್ಮದೇ. ದುಡ್ಡೇ ಇಲ್ಲದವನನ್ನು ಬರೀ ಸಾಲ ತೀರಿಸಲಿಲ್ಲ ಎಂದು ಸಿವಿಲ್ ಜೈಲಿಗೆ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. "ನಾಳೆ ಬೆಳಗ್ಗೆ ಪೊಲೀಸ್ ಬರ್ತಾರೆ" ಎಂದು ಫೋನಿನಲ್ಲಿ ಹೆದರಿಸುವವರಿಗೆ ಇದು ಗೊತ್ತಿರುತ್ತದೆ. ನಿಮಗೆ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ಮಾತಾಡುತ್ತಾರೆ.

ಸಹಕಾರ ಸಂಘದ ಸಾಲ ಇದ್ದರೆ ಒಂದು ಎಚ್ಚರಿಕೆ. ಅವರ ದಾವೆ ಮಾಮೂಲಿ ಕೋರ್ಟಿಗೆ ಹೋಗದೆ ಸಹಕಾರ ಇಲಾಖೆಯಲ್ಲೇ ನಡೆಯುತ್ತದೆ. ಅಲ್ಲಿಂದ ಬಂದ ನೋಟಿಸನ್ನೂ ಕೋರ್ಟ್ ನೋಟಿಸಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಫೋನಿನ ಕಾಟ ನಿಲ್ಲಿಸುವುದು

ತಲೆ ತಣ್ಣಗಾಗದೆ ಮುಂದಿನ ಕೆಲಸ ಆಗುವುದಿಲ್ಲ. ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಆದೇಶ ಮಾಡಿದೆ. ನೆಂಟರು, ಗೆಳೆಯರಿಗೆ ಫೋನ್ ಮಾಡಿ ಮಾನ ಕಳೆಯುವಂತಿಲ್ಲ. ಸುಮ್ನೆ ಜಗಳಕ್ಕೆ ಇಳಿಯಬೇಡಿ. ಕರೆ ಬಂದ ದಿನ, ಹೊತ್ತು, ನಂಬರ್, ಆಡಿದ ಮಾತು ಬರೆದಿಡಿ, ಮೆಸೇಜಿನ ಸ್ಕ್ರೀನ್‌ಶಾಟ್ ಇಡಿ. ಮೊದಲು ಸಾಲ ಕೊಟ್ಟ ಸಂಸ್ಥೆಗೇ ಇಮೇಲ್‌ನಲ್ಲಿ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿಗೆ, ದೂರು ಹಾಕಬಹುದು. ಫೀಸು ಇಲ್ಲ. ಹೇಗೆ ಎಂದು ಕೇಳಲು 14448ಕ್ಕೆ ಫೋನ್ ಮಾಡಿ.

ಆಪ್ ಸಾಲದಲ್ಲಿ ಒಂದು ಪರೀಕ್ಷೆ ಮಾಡಿ. ಅದರ ಹಿಂದೆ ಯಾವ ಬ್ಯಾಂಕ್, ಯಾವ ಎನ್‌ಬಿಎಫ್‌ಸಿ (ಬ್ಯಾಂಕಲ್ಲದ ಹಣಕಾಸು ಕಂಪನಿ) ಇದೆ? ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಇಂಥ ಆಪ್‌ಗಳ ಪಟ್ಟಿ ಇದೆ. ನಮ್ಮವನ ಎರಡು ಆಪ್‌ಗಳಲ್ಲಿ ಒಂದಕ್ಕೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅವನ ಫೋಟೊ ತಿದ್ದಿ ಕಾಂಟ್ಯಾಕ್ಟ್‌ನಲ್ಲಿದ್ದವರಿಗೆಲ್ಲ ಕಳಿಸುತ್ತೇವೆ ಎಂದಿದ್ದರು. 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಟ್ಟೆವು. ಅವನೇ ಮೊದಲು ನೆಂಟರ ಗುಂಪಿನಲ್ಲಿ "ನನ್ನ ಹೆಸರಲ್ಲಿ ಏನಾದರೂ ಬಂದರೆ ನಂಬಬೇಡಿ" ಎಂದು ಹಾಕಿದ. ಅರ್ಧ ಭಯ ಅಲ್ಲೇ ಹೋಯಿತು.

ಮನೆ ಬಾಗಿಲಿಗೆ ಬಂದು ಕೂರುವ ಮೈಕ್ರೋಫೈನಾನ್ಸ್, ಮೀಟರ್ ಬಡ್ಡಿಯವರ ಕಾಟಕ್ಕೆ ಕರ್ನಾಟಕದಲ್ಲಿ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ನಂತರ ಅದು ಕಾಯ್ದೆಯಾಯಿತು. ನೋಂದಣಿ, ಲೈಸೆನ್ಸ್ ಇಲ್ಲದೆ ಸಾಲ ಕೊಟ್ಟು ಬಲವಂತ ಮಾಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅವಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳೇ ಇವೆ. 2019ರಲ್ಲಿ ಜಾರಿಗೆ ಬಂದ ಋಣ ಪರಿಹಾರ ಕಾಯ್ದೆಯಲ್ಲಿ ಸಾಲ ಮನ್ನಾ ಆಗುತ್ತದೆ ಎಂದು ಈಗಲೂ ಅರ್ಜಿ ಮಾರುವವರಿದ್ದಾರೆ. ಅದು ಒಂದೇ ಸಲದ್ದು, ಅರ್ಜಿ ಹಾಕಲು ಕೊಟ್ಟಿದ್ದ 90 ದಿನ ಎಂದೋ ಮುಗಿದಿದೆ.

ರಾತ್ರಿ ನಿದ್ದೆ ಬರದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಈ ಲೇಖನ ಪಕ್ಕಕ್ಕಿಟ್ಟು ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಲದವರು ನಾಳೆಯವರೆಗೆ ಕಾಯಲಿ.

ಸಲಹೆ ಯಾರಲ್ಲಿ ಕೇಳುವುದು

ಯೂಟ್ಯೂಬ್‌ನಲ್ಲಿ "ಸಾಲ ಅರ್ಧಕ್ಕೆ ಇಳಿಸಿಕೊಡುತ್ತೇವೆ" ಎನ್ನುವವರ ಹತ್ತಿರ ಹೋಗಬೇಡಿ. ಮೊದಲೇ ಫೀಸು ತೆಗೆದುಕೊಳ್ಳುತ್ತಾರೆ, ಕಂತು ನಿಲ್ಲಿಸು ಎನ್ನುತ್ತಾರೆ, ನೋಟಿಸ್ ಬಂದಾಗ ಫೋನ್ ಎತ್ತುವುದಿಲ್ಲ.

ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ತಾಲ್ಲೂಕಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 3 ಲಕ್ಷದ ಮಿತಿ ಇದೆ. ದೇಶಕ್ಕೆಲ್ಲ ಒಂದೇ ಸಹಾಯವಾಣಿ, 15100.

ನಮ್ಮವನ ಆದಾಯ ಮಿತಿ ದಾಟಿತ್ತು, ಅವನ ಹೆಂಡತಿಗೆ ಆ ಅಡ್ಡಿ ಇರಲಿಲ್ಲ. ಸಂಘದ ಸಾಲದ ಸಲಹೆಗೆ ಅಂತ ಅವರೇ ಹೋದರು. ನಾವು ಕಥೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದೆವು. ಅಲ್ಲಿದ್ದ ವಕೀಲೆ ಮಧ್ಯದಲ್ಲೇ ತಡೆದು ಕೇಳಿದ ಮೊದಲ ಪ್ರಶ್ನೆ: "ಖಾಲಿ ಚೆಕ್ ಎಷ್ಟು ಕೊಟ್ಟಿದ್ದೀರಿ? ಯಾವ ಬ್ಯಾಂಕಿನದು?" ಹಾಗಾಗಿ ಹೋಗುವಾಗ ಚೀಟಿಗಳು, ಸಾಲದ ಕರಾರು ಪತ್ರ, ಬಂದ ನೋಟಿಸ್‌ಗಳು ಅವುಗಳ ಕವರ್ ಸಮೇತ, ಆರು ತಿಂಗಳ ಪಾಸ್‌ಬುಕ್ ಪ್ರಿಂಟ್, ರೇಷನ್ ಕಾರ್ಡ್ ಒಯ್ಯಿರಿ. ಕವರ್ ಯಾಕೆ ಅಂದರೆ ನೋಟಿಸ್ ಯಾವ ದಿನ ಕೈಗೆ ಬಂತು ಎನ್ನುವುದರ ಮೇಲೆ ಗಡುವು ಲೆಕ್ಕ ಹಾಕುತ್ತಾರೆ.

ಇವರ ಮೂಲಕವೇ ಲೋಕ ಅದಾಲತ್‌ಗೂ ಹೋಗಬಹುದು. ಕೇಸು ದಾಖಲಾಗುವ ಮುಂಚೆಯೂ ಸಾಲದ ತಕರಾರನ್ನು ಅಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ. ಅದಕ್ಕೇ ಕಟ್ಟಲು ಆಗದ ಮೊತ್ತಕ್ಕೆ ಮುಲಾಜಿಗೆ ಬಿದ್ದು ಸಹಿ ಹಾಕಬೇಡಿ.

ಕಾನೂನಿನ ಪ್ರಶ್ನೆ ಇಲ್ಲದೆ ಬರೀ ಲೆಕ್ಕಾಚಾರ ಸರಿ ಮಾಡಿಕೊಳ್ಳಬೇಕಿದ್ದರೆ ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಗಳಿವೆ. ಎಲ್ಲಿದೆ ಎಂದು ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಕೇಳಿ.

ಬ್ಯಾಂಕಿನ ಜೊತೆ ಮಾತು

ಕಂತು ತಪ್ಪುವ ಮುಂಚೆಯೇ ಹೋದರೆ ಬೆಲೆ ಜಾಸ್ತಿ. ಮನೆ ಸಾಲಕ್ಕೆ ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳಿ. ಕ್ರೆಡಿಟ್ ಕಾರ್ಡ್ ಬಾಕಿಯನ್ನು ಕಂತಿನ ಸಾಲವಾಗಿ ಬದಲಿಸಲು ಕೇಳಿ, ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ಆ ಬಾಕಿ ಜನ್ಮದಲ್ಲಿ ತೀರುವುದಿಲ್ಲ. ಬಾಯಿಮಾತು ಸಾಲದು. ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. 2024ರ ಏಪ್ರಿಲ್‌ನಿಂದ ತಪ್ಪಿದ ಕಂತಿಗೆ ದಂಡ ಬಡ್ಡಿ ಹಾಕುವಂತಿಲ್ಲ. ದಂಡ ಶುಲ್ಕ ಹಾಕಬಹುದು, ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಬೆಳೆಸುವಂತಿಲ್ಲ. ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಸಂಬಳದ ಖಾತೆ ಇದ್ದರೆ ಬಂದ ಸಂಬಳವನ್ನು ಬಾಕಿಗೆ ಹಿಡಿದುಕೊಳ್ಳುವ ಅಪಾಯ ಇದೆ ಎಂಬುದು ತಲೆಯಲ್ಲಿರಲಿ.

ಓಟಿಎಸ್, ಅಂದರೆ ಒಂದೇ ಸಲ ಇಷ್ಟು ಕಟ್ಟಿ ಮುಗಿಸುವ ರಾಜಿ, ಸಾಮಾನ್ಯವಾಗಿ ಸಾಲ ಎನ್‌ಪಿಎ ಆದ ಮೇಲೆ ಸಿಗುತ್ತದೆ. ಅದು ಹಕ್ಕಲ್ಲ, ಕೊಡಲೇಬೇಕೆಂದು ಕೋರ್ಟಿನಿಂದ ಆದೇಶ ತರಲು ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಚೌಕಾಸಿಗೆ ಮಾತ್ರ ಜಾಗ ಇದೆ. ನಮ್ಮವನ ಪರ್ಸನಲ್ ಲೋನ್ ಬಾಕಿ 3,10,000 ಇತ್ತು. ಅವರ ಮೊದಲ ಪತ್ರದಲ್ಲಿ 2,60,000 ಎಂದಿತ್ತು. ನಾವು ಆದಾಯ ಖರ್ಚಿನ ಲೆಕ್ಕ ಲಗತ್ತಿಸಿ ಉತ್ತರ ಬರೆದೆವು. ಎರಡು ತಿಂಗಳ ಪತ್ರ ವ್ಯವಹಾರದ ಮೇಲೆ 2,05,000ಕ್ಕೆ, ಮೂರು ಕಂತಿನಲ್ಲಿ ನಿಂತಿತು. ದುಡ್ಡು ಬಂದದ್ದು ಹೆಂಡತಿಯ ಸರ ಮಾರಿ. ಅಡ ಇಡೋಣ ಎಂದ, ಬೇಡ ಎಂದೆ. ಅಡ ಇಟ್ಟರೆ ಚಾಪೆಯ ಮೇಲೆ ಒಂಬತ್ತನೇ ಚೀಟಿ ಬರುತ್ತದೆ.

ಏಜೆಂಟನ ಕೈಗೆ ನಗದು ಕೊಡಬೇಡಿ. ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಲೋನ್ ನಂಬರ್ ಸಮೇತ, ಇಷ್ಟು ಕಟ್ಟಿದರೆ ಪೂರ್ತಿ ಚುಕ್ತಾ ಎಂಬ ಪತ್ರ ಕೈಗೆ ಬಂದ ಮೇಲೆಯೇ ಸಾಲದ ಖಾತೆಗೆ ಕಟ್ಟಿ. ನಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ, ನಮ್ಮೂರ ಬಾಯಲ್ಲಿ ಅದು 'ಸಿವಿಲ್', ಆ ಸಾಲ "ಸೆಟಲ್ಡ್" ಎಂದು ಕಾಣುತ್ತದೆ. ಮುಂದೆ ಕೆಲವು ವರ್ಷ ಹೊಸ ಸಾಲ ಸಿಗುವುದು ಕಷ್ಟ. ಇಂಥ ಸ್ಥಿತಿಯಲ್ಲಿ ಅದು ಒಳ್ಳೆಯದೇ ಅನ್ನಿ.

ಕೈಸಾಲಕ್ಕೆ ಬೇರೆ ದಾರಿ. ಬಡ್ಡಿ ವ್ಯಾಪಾರ ಮಾಡುವವರಿಗೆ 1961ರ ಲೇವಾದೇವಿ ಕಾಯ್ದೆಯಲ್ಲಿ ಲೈಸೆನ್ಸ್ ಬೇಕು, ಮಿತಿಮೀರಿದ ಬಡ್ಡಿಗೆ 2004ರ ಕಾಯ್ದೆಯಲ್ಲಿ ಜೈಲೂ ಇದೆ. ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ. 36. ದೂರು ಕೊಡಬಹುದಿತ್ತು. ಅವನು ಬೇಡವೆಂದ, ಅಪ್ಪನ ಕಾಲದ ಪರಿಚಯ. ಊರಿನ ಹಿರಿಯರೊಬ್ಬರನ್ನು ಕೂರಿಸಿಕೊಂಡು ಮಾತಾಡಿದೆವು. ಹಳೆಯ ಅಚ್ಚಿನ ಮೆಷಿನ್ ಮಾರಿ 1 ಲಕ್ಷ ಕೊಟ್ಟ. ಇನ್ನು ಬಡ್ಡಿ ಇಲ್ಲ, ಉಳಿದ ಲಕ್ಷಕ್ಕೆ ತಿಂಗಳಿಗೆ 6,000, 17 ತಿಂಗಳು ಎಂದಾಯಿತು. ಬಡ್ಡಿಗೆ ಹೋಗುತ್ತಿದ್ದ ಅದೇ 6,000.

ಹಾಗಾದರೆ ಪಾಪರ್ ಚೀಟಿ?

2016ರಲ್ಲಿ ಬಂದ ದಿವಾಳಿ ಸಂಹಿತೆಯ ಬಗ್ಗೆ ಪೇಪರಿನಲ್ಲಿ ಓದಿರುತ್ತೀರಿ. ಅದರಲ್ಲಿ ಸಾಮಾನ್ಯ ಜನರಿಗೂ ಒಂದು ಭಾಗ ಇದೆ. ಅದು 2019ರ ಡಿಸೆಂಬರ್‌ನಿಂದ ಜಾರಿಯಾಗಿರುವುದು ಕಂಪನಿ ಸಾಲಕ್ಕೆ ಜಾಮೀನು ಹಾಕಿದವರಿಗೆ ಮಾತ್ರ. ನನ್ನ ನಿಮ್ಮಂಥವರಿಗೆ ಈಗಲೂ 1920ರ ಪ್ರಾಂತೀಯ ದಿವಾಳಿತನ ಕಾಯ್ದೆಯೇ ಗತಿ. ಬ್ರಿಟಿಷರ ಕಾಲದ್ದು. ಎಷ್ಟು ಹಳೆಯದೆಂದರೆ, 500 ರೂಪಾಯಿ ಸಾಲ ತೀರಿಸಲು ಆಗದಿದ್ದರೂ ಅರ್ಜಿ ಹಾಕಬಹುದು.

ಅರ್ಜಿ ಜಿಲ್ಲೆಯ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ. ಸಾಲ ಕೊಟ್ಟವರೆಲ್ಲರ ಹೆಸರು ವಿಳಾಸ, ಸಾಲದ ಮೊತ್ತ, ನಿಮ್ಮ ಆಸ್ತಿಯ ಪೂರ್ತಿ ಪಟ್ಟಿ ಕೊಡಬೇಕು. ಕೋರ್ಟ್ ಎಲ್ಲರಿಗೂ ನೋಟಿಸ್ ಕಳಿಸುತ್ತದೆ. ದಿವಾಳಿ ಎಂದು ಘೋಷಿಸಿದರೆ, ಜಪ್ತಿಯಿಂದ ವಿನಾಯಿತಿ ಇರುವುದನ್ನು ಬಿಟ್ಟು ಉಳಿದ ಆಸ್ತಿ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಅದನ್ನು ಮಾರಿ ಸಾಲದವರಿಗೆ ಹಂಚುತ್ತಾರೆ. ಆಮೇಲೆ ನೀವು ಬಿಡುಗಡೆಗೆ ಇನ್ನೊಂದು ಅರ್ಜಿ ಹಾಕಬೇಕು. ಬಿಡುಗಡೆ ಸಿಕ್ಕರೆ ಉಳಿದ ಸಾಲದಿಂದ ಮುಕ್ತಿ, ಸರ್ಕಾರದ ಬಾಕಿ ಮತ್ತು ಮೋಸದಿಂದ ಪಡೆದ ಸಾಲ ಬಿಟ್ಟು. ಇದೆಲ್ಲ ವರ್ಷಗಟ್ಟಲೆ ಎಳೆಯುತ್ತದೆ.

ಇದರಲ್ಲಿ ಯಾರೂ ಮೊದಲೇ ಹೇಳದ ಮಾತುಗಳಿವೆ. ಅಡಮಾನ ಇಟ್ಟ ಮನೆಯನ್ನು ಇದು ಉಳಿಸುವುದಿಲ್ಲ, ಅಡಮಾನದ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಇರುತ್ತದೆ. ಚೆಕ್ ಬೌನ್ಸ್ ಕೇಸಿಗೂ ಇದು ಗುರಾಣಿ ಅಲ್ಲ. "ಮೊದಲು ಸೈಟನ್ನು ಹೆಂಡತಿ ಹೆಸರಿಗೆ ಮಾಡಿ ಆಮೇಲೆ ಅರ್ಜಿ ಹಾಕು" ಎಂದು ಹೇಳುವ ಬುದ್ಧಿವಂತರಿದ್ದಾರೆ. ದಿವಾಳಿ ಅರ್ಜಿಗೆ ಹಿಂದಿನ 2 ವರ್ಷದಲ್ಲಿ ಪುಕ್ಕಟೆ ಮಾಡಿಕೊಟ್ಟ ಆಸ್ತಿಯನ್ನು ಕೋರ್ಟ್ ರದ್ದು ಮಾಡಬಹುದು, ಆಸ್ತಿ ಮುಚ್ಚಿಟ್ಟರೆ ಜೈಲೂ ಆಗಬಹುದು. ಬಿಡುಗಡೆ ಸಿಗುವವರೆಗೆ ಶಾಸಕ, ಸಂಸದ ಆಗುವಂತಿಲ್ಲ. ನಮಗೆ ಅದರ ಚಿಂತೆ ಇಲ್ಲ ಬಿಡಿ. ಆದರೆ ತಾನು ದಿವಾಳಿ ಎಂದು ಹೇಳದೆ ಯಾರಲ್ಲಾದರೂ 50 ರೂಪಾಯಿ ಸಾಲ ತೆಗೆದುಕೊಂಡರೂ ಅದು ಅಪರಾಧ. ಕಿರಾಣಿ ಅಂಗಡಿಯ ಉದ್ರಿಯೂ ಆ ಲೆಕ್ಕಕ್ಕೆ ಬಂದುಬಿಡುತ್ತದೆ.

ಯಾರಿಗೆ ಇದು ಸರಿ? ಅಡಮಾನವಿಲ್ಲದ ಸಾಲವೇ ಬೆಟ್ಟದಷ್ಟಿದ್ದು, ಮಾರಲು ಆಸ್ತಿಯೂ ಇಲ್ಲದೆ, ಒಂದರ ಮೇಲೊಂದು ಡಿಕ್ರಿ ಬೀಳುತ್ತಿರುವವರಿಗೆ. ಕೋರ್ಟಿನಿಂದ ಬಂಧನದ ವಿರುದ್ಧ ರಕ್ಷಣೆಯ ಆದೇಶವೂ ಸಿಗಬಹುದು. ನಮ್ಮವನಿಗೆ ಮನೆ ಇತ್ತು, ಅಡಮಾನ ಇತ್ತು, ಖಾಲಿ ಚೆಕ್ ಇತ್ತು. ಅರ್ಜಿ ಹಾಕಿದ್ದರೆ ಮನೆ ಹೋಗಿ ಚೆಕ್ ಉಳಿಯುತ್ತಿತ್ತು. ವಕೀಲೆ ಬೇಡವೆಂದರು.

ತೀರಿದ ಮೇಲೆ

ಸಾಲ ತೀರಿದ ದಿನವೇ ಎನ್‌ಒಸಿ, ಅಂದರೆ ಬಾಕಿ ಇಲ್ಲವೆಂಬ ಪತ್ರ, ಕೇಳಿ. ಕೊಟ್ಟಿದ್ದ ಚೆಕ್, ಪ್ರೋನೋಟ್ ವಾಪಸ್ ಪಡೆಯಿರಿ. ಬ್ಯಾಂಕಿನ ಸಾಲ ಪೂರ್ತಿ ತೀರಿದರೆ 30 ದಿನದೊಳಗೆ ಮನೆಯ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ವರ್ಷಕ್ಕೊಮ್ಮೆ ಪೂರ್ತಿ ಕ್ರೆಡಿಟ್ ವರದಿ ಉಚಿತವಾಗಿ ಸಿಗುತ್ತದೆ, ತೆಗೆದು ನೋಡಿ. ತೀರಿದ ಸಾಲ ಇನ್ನೂ ಬಾಕಿ ಎಂದು ಕಾಣುತ್ತಿದ್ದರೆ ತಿದ್ದಲು ದೂರು ಹಾಕಿ.

ಹೋದ ತಿಂಗಳು ಅವನ ಅಂಗಡಿಗೆ ಹೋಗಿದ್ದೆ. ಕೈಸಾಲದ ಪತ್ರಿಕೆಗೆ ವಾಪಸ್ ಬಂದ ಎರಡು ಚೆಕ್‌ಗಳನ್ನು ಪಿನ್ ಹೊಡೆದು ಗಲ್ಲಾದಲ್ಲಿ ಇಟ್ಟಿದ್ದಾನೆ. ಮನೆ ಸಾಲದ್ದು, ಕ್ರೆಡಿಟ್ ಕಾರ್ಡಿನದು ಗೋಡೆಗೆ ಅಂಟಿಸಿದ್ದಾನೆ, ಪ್ರತಿ ಕಂತಿಗೂ ಒಂದು ಟಿಕ್. ಜಾಮೀನಿನ ಎಂಟನೇ ಪತ್ರಿಕೆಯೂ ಪಕ್ಕದಲ್ಲಿದೆ. ಗೆಳೆಯ ಇನ್ನೂ ಕಟ್ಟುತ್ತಿದ್ದಾನೆ. ಪ್ರತಿ ತಿಂಗಳು 7ನೇ ತಾರೀಕು ರಸೀದಿಯ ಫೋಟೊ ಕಳಿಸಬೇಕು ಎಂದು ಹೇಳಿದ್ದೇವೆ. ಈ ತಿಂಗಳದ್ದು ಎರಡು ದಿನ ತಡವಾಗಿ ಬಂತು.